ತೋಟ ನಮ್ಮದು, ಮಷೀನು ಇನ್ನೊಬ್ಬರದು, ಸಿಕ್ಕಿದ್ದು ಯಾರದ್ದು?

ಹೋದ ಕೊಯ್ಲಿನಲ್ಲಿ ಮೂಡಿಗೆರೆ ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲಿ ಅತ್ತಿಗೆಯ ಉಂಗುರ ಕಳೆದುಹೋಯಿತು. ಮದುವೆ ಉಂಗುರ, ಐದು ಗ್ರಾಂ. ಕಾಫಿ ಹಣ್ಣು ಕೊಯ್ಯುವಾಗ ಬೆರಳಿನಿಂದ ಜಾರಿದೆ, ಯಾವ ಸಾಲಿನಲ್ಲಿ ಅಂತ ಅವರಿಗೂ ಗೊತ್ತಿಲ್ಲ. ಎರಡು ದಿನ ಕೆಲಸದವರೆಲ್ಲ ತರಗೆಲೆ ಕೆದಕಿದ್ದಾಯಿತು. ಮೂರನೇ ದಿನ ಅಣ್ಣ ಹಾಸನದಿಂದ ಪರಿಚಯದ ಹುಡುಗನೊಬ್ಬನನ್ನು ಕರೆಸಿದ. ಅವನ ಬೆನ್ನ ಮೇಲೆ ಉದ್ದನೆ ಬ್ಯಾಗು, ಅದರೊಳಗೆ ಆನ್‌ಲೈನಲ್ಲಿ ತರಿಸಿದ ಮೆಟಲ್ ಡಿಟೆಕ್ಟರ್.

ಮೂರು ಗಂಟೆ ಹುಡುಕಿದ. ಸಿಕ್ಕಿದ್ದನ್ನೆಲ್ಲ ಕಣದ ಕಟ್ಟೆ ಮೇಲೆ ಸಾಲಾಗಿ ಇಟ್ಟೆವು. ಗುಟ್ಕಾ ಚೀಟಿಗಳು, ಮಾತ್ರೆಯ ಖಾಲಿ ಪಟ್ಟಿಗಳು, ಬಿಯರ್ ಬಾಟಲಿ ಮುಚ್ಚಳ ಏಳೆಂಟು, ಸ್ಪ್ರಿಂಕ್ಲರಿನ ಹಿತ್ತಾಳೆ ನಾಜಲ್ ಒಂದು, ತುಂಡಾದ ಕತ್ತಿ, ಎತ್ತಿನ ಲಾಳ. ಉಂಗುರ ಮಾತ್ರ ಇಲ್ಲ. ಆಮೇಲೆ ಮಳೆನೀರು ಇಂಗಲು ಗಿಡಗಳ ನಡುವೆ ತೆಗೆದ ಒಂದು ಹಳೇ ತೊಟ್ಟಿಲು ಗುಂಡಿಯ ಅಂಚಿನಲ್ಲಿ ಗೇಣು ಆಳದಿಂದ ಹಸಿರು ಹಿಡಿದ ಒಂದು ತಾಮ್ರದ ಬಿಲ್ಲೆ ಬಂತು. ದೊಡ್ಡಪ್ಪ ಪಂಚೆಯ ತುದಿಗೆ ಒರೆಸಿ ನೋಡಿದರು. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, ಅದರ ಕೆಳಗೆ 1835. ಇನ್ನೊಂದು ಕಡೆ ಕಾಲಾಣೆ ಅಂತ ಇಂಗ್ಲಿಷಿನಲ್ಲಿ.

ಅಲ್ಲಿಂದ ತೋಟದ ಗಾಳಿಯೇ ಬದಲಾಯಿತು. ಉಂಗುರದ ಮಾತು ನಿಂತುಹೋಯಿತು. 'ಒಂದು ಸಿಕ್ಕಿದೆ ಅಂದ್ರೆ ಕೊಪ್ಪರಿಗೆಯೇ ಇರಬೇಕು' ಅಂತ ಒಬ್ಬರು. 'ಇದು ಹೊಯ್ಸಳರು ಹುಟ್ಟಿದ ಸೀಮೆ, ಅಂಗಡಿ ಇಲ್ಲೇ ಪಕ್ಕದಲ್ಲಿ' ಅಂತ ಇನ್ನೊಬ್ಬರು. ಕಂಪನಿ ಕಾಲಾಣೆಗೂ ಹೊಯ್ಸಳರಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಅರವತ್ತನಾಲ್ಕು ಕಾಲಾಣೆ ಸೇರಿದರೆ ಒಂದು ರೂಪಾಯಿ. ಆ ಕಾಲದ ಇಂಥ ನಾಣ್ಯ ಹಳೇ ನಾಣ್ಯದ ಅಂಗಡಿಗಳಲ್ಲಿ ರಾಶಿಗಟ್ಟಲೆ ಸಿಗುತ್ತೆ. ಆದರೂ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಣ್ಣ ಕೇಳಿದ ಪ್ರಶ್ನೆ ಸುಮ್ನೆ ಬಿಡುವಂಥದ್ದಲ್ಲ. 'ಜಾಗ ನಮ್ಮದು, ಪಹಣಿಯಲ್ಲಿ ಅಪ್ಪನ ಹೆಸರಿದೆ. ನಮ್ಮ ನೆಲದಲ್ಲಿ ನಾವೇ ಹುಡುಕಿದರೆ ಯಾರು ಕೇಳೋರು?'

ಕೇಳುವವರು ಇದ್ದಾರೆ. ಚಿನ್ನ ಗ್ರಾಂಗೆ 10,000 ರೂಪಾಯಿ ದಾಟಿದ ಮೇಲೆ ಈ ಮಷೀನಿನ ಮೇಲೆ ಜನಕ್ಕೆ ಆಸೆ ಜಾಸ್ತಿಯಾಗಿದೆ. ಹಾಗಾಗಿ ನೆಲ, ನಿಧಿ, ಮಷೀನು ಮೂರನ್ನೂ ಬಿಡಿಸಿ ನೋಡಬೇಕು.

ಪಹಣಿ ಹೇಳುವುದು ನೆಲ ಯಾರದ್ದು, ಅದರಲ್ಲಿ ಏನು ಬೆಳೆ ಅಂತ. ನೆಲದೊಳಗೆ ಹೂತಿಟ್ಟದ್ದು ಯಾರದ್ದು ಅಂತ ಅದು ಹೇಳುವುದಿಲ್ಲ. ಇದು ಬ್ರಿಟಿಷರು ತಂದ ಕಿತಾಪತಿ ಅಂತ ಅಂದುಕೊಂಡಿದ್ದರೆ ನಮ್ಮ ಊರ ಶಾಸನದ ಕಲ್ಲುಗಳನ್ನೇ ಕೇಳಿ. ಹಳೇ ದಾನಶಾಸನಗಳಲ್ಲಿ 'ಅಷ್ಟಭೋಗ ತೇಜಸ್ವಾಮ್ಯ' ಅಂತ ಒಂದು ಮಾತು ಮತ್ತೆ ಮತ್ತೆ ಬರುತ್ತೆ. ರಾಜ ಒಂದು ಊರನ್ನೋ ಜಮೀನನ್ನೋ ದಾನ ಕೊಟ್ಟಾಗ ಜೊತೆಗೆ ಕೊಡುವ ಎಂಟು ಹಕ್ಕುಗಳು ಅವು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಮೊದಲನೇ ಹೆಸರೇ ನಿಧಿ, ನೋಡಿದಿರಾ? ಅಂದರೆ ನೆಲ ಕೊಟ್ಟ ಮಾತ್ರಕ್ಕೆ ನಿಧಿಯೂ ಬಂತು ಅಂತ ಆ ಕಾಲದವರೇ ಸುಮ್ಮನೆ ನಂಬುತ್ತಿರಲಿಲ್ಲ. ಅದು ಬೇರೆ ಹಕ್ಕು, ಬಿಡಿಸಿ ಕಲ್ಲಿನ ಮೇಲೆ ಬರೆಸಬೇಕಿತ್ತು.

ದುರಂತ ಏನಂದರೆ ಇದೇ ಸಾಲು ಎಷ್ಟೋ ಕಲ್ಲುಗಳಿಗೆ ಮುಳುವಾಗಿದೆ. ಹಳಗನ್ನಡ ಅರ್ಧಂಬರ್ಧ ಓದಲು ಬರುವ ಯಾರೋ ಒಬ್ಬ 'ನಿಧಿ ನಿಕ್ಷೇಪ' ಅಂತ ಬರೆದಿರುವುದನ್ನು ನೋಡುತ್ತಾನೆ, ಇಲ್ಲೇ ಕೆಳಗೆ ನಿಧಿ ಇದೆ ಅಂತ ಅರ್ಥ ಮಾಡಿಕೊಳ್ಳುತ್ತಾನೆ, ರಾತ್ರೋರಾತ್ರಿ ಹಾರೆ ಹಿಡಿದು ಬರುತ್ತಾನೆ. ವೀರಗಲ್ಲಿನ ಮೇಲಿರುವ ಸೂರ್ಯ ಚಂದ್ರರ ಕಥೆಯೂ ಅಷ್ಟೇ. ಸೂರ್ಯ ಚಂದ್ರ ಇರುವವರೆಗೂ ಈ ಸತ್ತವನ ಹೆಸರು ಇರಲಿ ಅನ್ನುವುದಕ್ಕೆ ಕೆತ್ತಿದ್ದು ಅದು. ನಿಧಿಗಳ್ಳರ ಕಣ್ಣಿಗೆ ಅದೇ ಗುರುತಿನ ನಕ್ಷೆ. ಊರೂರಿನ ಶಾಸನ ಓದಿಸಿ ಸಂಗ್ರಹಿಸಿದ ಬಿ. ಎಲ್. ರೈಸ್ ನೂರಿಪ್ಪತ್ತು ವರ್ಷದ ಹಿಂದೆಯೇ ಹಾಸನ ಜಿಲ್ಲೆಯ ಶಾಸನಗಳಿಗೆ ಒಂದು ಸಂಪುಟ, ಆಗಿನ ಕಡೂರು ಜಿಲ್ಲೆಗೆ, ಅಂದರೆ ಇವತ್ತಿನ ಚಿಕ್ಕಮಗಳೂರಿಗೆ, ಇನ್ನೊಂದು ಸಂಪುಟ ಮಾಡಿ ಅಚ್ಚು ಹಾಕಿಸಿದ. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಐದು ಮತ್ತು ಆರನೇ ಸಂಪುಟಗಳು ಅವು. ನಿಮ್ಮೂರ ಕಲ್ಲಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಆ ಪುಸ್ತಕ ತೆಗೆದರೆ ಸಾಕು, ಕಲ್ಲು ಕೀಳಬೇಕಿಲ್ಲ. ಬಹಳಷ್ಟು ಸಲ ಅಲ್ಲಿರುವುದು ಇಷ್ಟೇ: ಇಂಥ ಗದ್ದೆ, ಇಂಥ ಕೆರೆಯ ಕೆಳಗೆ, ಇಂಥ ದೇವರ ನಂದಾದೀಪಕ್ಕೆ.

ಈಗಿನ ಕಾನೂನಿಗೆ ಬರೋಣ. ಬ್ರಿಟಿಷರ ಕಾಲದ ನಿಧಿ ಕಾಯ್ದೆ 1878ರದ್ದು. ಅದರ ಪ್ರಕಾರ ನೆಲದಲ್ಲಿ ಅಡಗಿರುವ, ಬೆಲೆಯುಳ್ಳ ಯಾವ ವಸ್ತುವೂ ನಿಧಿಯೇ. ಹತ್ತು ರೂಪಾಯಿಗಿಂತ ಜಾಸ್ತಿ ಬಾಳುವುದು ಸಿಕ್ಕರೆ ಕಲೆಕ್ಟರ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು: ಏನು ಸಿಕ್ಕಿತು, ಎಷ್ಟು, ಎಲ್ಲಿ, ಯಾವತ್ತು. ಅದನ್ನು ಖಜಾನೆಗೆ ಒಪ್ಪಿಸಬೇಕು, ಇಲ್ಲವೇ ಅದಕ್ಕೆ ಜಾಮೀನು ಕೊಡಬೇಕು. ಆಮೇಲೆ ಕಲೆಕ್ಟರ್ ಪ್ರಕಟಣೆ ಹೊರಡಿಸಿ, ಹಕ್ಕುದಾರರು ಇದ್ದರೆ ಬನ್ನಿ ಅಂತ ನಾಲ್ಕರಿಂದ ಆರು ತಿಂಗಳ ಒಳಗಿನ ಒಂದು ದಿನ ಗೊತ್ತುಮಾಡಬೇಕು. ಯಾರೂ ವಾರಸುದಾರರಿಲ್ಲ ಅಂತ ತೀರ್ಮಾನವಾದರೆ, ಮೊದಲೇ ಬೇರೆ ಕರಾರು ಆಗಿಲ್ಲದಿದ್ದರೆ, ಹುಡುಕಿದವನಿಗೆ ಮುಕ್ಕಾಲು, ಜಾಗದ ಯಜಮಾನನಿಗೆ ಕಾಲು. ಸರ್ಕಾರಕ್ಕೇ ಬೇಕು ಅನ್ನಿಸಿದರೆ ಆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತೆಗೆದುಕೊಳ್ಳಬಹುದು. ಮುಚ್ಚಿಟ್ಟವನ ಪಾಲು ಸರ್ಕಾರಕ್ಕೆ ಹೋಗುತ್ತೆ, ಜೊತೆಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕರ್ನಾಟಕಕ್ಕೆ 1962ರದ್ದೇ ಒಂದು ನಿಧಿ ಕಾಯ್ದೆ ಇದೆ, ನಮ್ಮ ಜಿಲ್ಲೆಗಳಲ್ಲಿ ಇವತ್ತು ಲೆಕ್ಕಕ್ಕೆ ಬರುವುದು ಅದು. ಸಿಕ್ಕಿದ್ದನ್ನು ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವುದು ಅದರಲ್ಲೂ ತಪ್ಪುವುದಿಲ್ಲ.

ಹಳೇ ಕಾಯ್ದೆಯ ಆ ಪಾಲಿನ ಲೆಕ್ಕ ಹೇಳಿದಾಗ ನಮ್ಮ ದೊಡ್ಡಪ್ಪ ನಗಲಿಲ್ಲ. 'ಅಂದ್ರೆ ನಮ್ಮ ತೋಟಕ್ಕೆ ಬಂದು, ನಮ್ಮ ಮನೆ ಅಕ್ಕಿ ರೊಟ್ಟಿ ತಿಂದು, ಆ ಹುಡುಗ ಮುಕ್ಕಾಲು ತಗೊಂಡು ಹೋಗ್ತಿದ್ನಾ?' ಅಂದರು. ಕಾಯ್ದೆ ಯೋಚಿಸಿರುವುದು ಹಾಗೇ. ನೆಲದ ಯಜಮಾನ ಬೇರೆ, ಕಂಡುಹಿಡಿದವನು ಬೇರೆ. ಮಷೀನು ತಂದವನನ್ನು ತೋಟದೊಳಗೆ ಬಿಡುವಾಗ 'ಸಿಕ್ಕಿದ್ದರಲ್ಲಿ ನೋಡ್ಕೊಳ್ಳೋಣ ಬಿಡಿ' ಅಂತ ಬಾಯಿಮಾತಲ್ಲಿ ಹೇಳಿ ಕಳಿಸುವುದು ಎಷ್ಟು ಅಪಾಯ ಅಂತ ಇದರಲ್ಲೇ ಗೊತ್ತಾಗುತ್ತೆ.

ನಿಧಿ ಕಾಯ್ದೆ ಒಂದೇ ಅಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಇನ್ನೊಂದು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಶಾಸನ ಎಲ್ಲ ಅದರ ಲೆಕ್ಕದಲ್ಲಿ ಪ್ರಾಚ್ಯವಸ್ತು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತೆಯೇ ಇಲ್ಲ. ನಮ್ಮ ಬಡಪಾಯಿ ಕಾಲಾಣೆಯೂ ಈ ಲೆಕ್ಕದಲ್ಲಿ ಪ್ರಾಚ್ಯವಸ್ತುವೇ!

ಮೂರನೆಯದು 1958ರ ಸ್ಮಾರಕ ಕಾಯ್ದೆ. ಬೇಲೂರು, ಹಳೇಬೀಡಿನವರಿಗೆ ಇದು ಬಾಯಿಪಾಠ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಜಾಗ, ಅದರಾಚೆ 200 ಮೀಟರ್ ನಿಯಂತ್ರಿತ ಜಾಗ. ಸ್ವಂತ ಮನೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಬೇಕಾದರೂ ಅಲೆದಾಡಿದವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. 2023ರಲ್ಲಿ ಈ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಎಲ್ಲರ ಕಣ್ಣೂ ಅಲ್ಲೇ ಇದೆ. ಆದರೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಒಂದಿದೆ. ಸಂರಕ್ಷಿತ ಅಲ್ಲದ ಜಾಗದಲ್ಲಿ ಕೂಡ ಪುರಾತತ್ವಕ್ಕೆ ಅಂತ ಅಗೆಯಬೇಕಾದರೆ ರಾಜ್ಯ ಸರ್ಕಾರವೇ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಸರ್ಕಾರಕ್ಕೇ ಇಷ್ಟು ಕಟ್ಟಳೆ ಇರುವಾಗ 'ನಾನು ಇತಿಹಾಸದ ಆಸಕ್ತಿಗೆ ಅಗೆದೆ' ಅನ್ನುವ ಮಾತು ಠಾಣೆಯಲ್ಲಿ ಎಷ್ಟು ಹೊತ್ತು ನಿಂತೀತು, ನೀವೇ ಹೇಳಿ.

ಹಾಗಾದರೆ ಮಷೀನು ಇಟ್ಟುಕೊಳ್ಳುವುದೇ ತಪ್ಪಾ? ಈ ಮೂರು ಕಾಯ್ದೆಗಳಲ್ಲಿ ಯಾವುದೂ ಹಾಗೆ ಹೇಳುವುದಿಲ್ಲ. ಕಳೆದ ಉಂಗುರ ಹುಡುಕಲು, ಮಣ್ಣಿನಡಿ ಮರೆತುಹೋದ ಕಬ್ಬಿಣದ ಪೈಪು ಪತ್ತೆ ಮಾಡಲು, ಮಿಲ್ಲಿಗೆ ಹಾಕುವ ಮೊದಲು ಮರದ ದಿಮ್ಮಿಯಲ್ಲಿ ಮೊಳೆ ಇದೆಯಾ ನೋಡಲು ಬೇಕಾಗುವ ಸಾಮಾನು ಅದು. ಕಾನೂನು ಹಿಡಿಯುವುದು ಸಿಕ್ಕಿದ ಮೇಲೆ ನೀವು ಏನು ಮಾಡಿದಿರಿ ಅನ್ನುವುದನ್ನು. ಬೇರೆಯವರ ಜಮೀನಿಗೆ ಕೇಳದೆ ನುಗ್ಗಿದರೆ ಅದು ಅತಿಕ್ರಮ ಪ್ರವೇಶ, ಅದಕ್ಕೆ ನಿಧಿ ಕಾಯ್ದೆಯೇ ಬೇಕಿಲ್ಲ. ಇನ್ನು ಮಷೀನಿನ ಪಕ್ಕದಲ್ಲಿ ನಿಂಬೆಹಣ್ಣು, ಅರಿಶಿನ, ಕೋಳಿ, ಅಮಾವಾಸ್ಯೆ ಎಲ್ಲ ಸೇರಿಕೊಂಡರೆ ಕಥೆ ಬೇರೆಯೇ ಆಗುತ್ತೆ. 2017ರ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆ ನಿಧಿಯ ಹೆಸರಲ್ಲಿ ಮಾಡುವ ಅಮಾನವೀಯ ಆಚರಣೆ, ವಾಮಾಚಾರಗಳನ್ನು ಅಪರಾಧ ಅಂತ ಸೇರಿಸಿದೆ.

ಈಗ ಮಷೀನಿನ ವಿಷಯ. ಇಲ್ಲಿ ಜನಕ್ಕೆ ಮೋಸ ಆಗುವುದು ಜಾಸ್ತಿ.

ಡಿಟೆಕ್ಟರ್ ಚಿನ್ನ ಹುಡುಕುವುದಿಲ್ಲ, ಕರೆಂಟು ಹರಿಯುವ ವಸ್ತು ಹುಡುಕುತ್ತೆ. ತಟ್ಟೆಯಂಥ ತುದಿಯೊಳಗೆ ತಂತಿಯ ಸುರುಳಿ ಇರುತ್ತೆ. ಅದರಲ್ಲಿ ಹರಿಯುವ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ ಸುತ್ತಲೂ ಕಾಂತಕ್ಷೇತ್ರ ಹುಟ್ಟಿಸುತ್ತೆ. ಆ ಕ್ಷೇತ್ರ ಮಣ್ಣಿನೊಳಗಿನ ಲೋಹಕ್ಕೆ ತಗುಲಿದಾಗ ಲೋಹದಲ್ಲೂ ಸಣ್ಣ ಕರೆಂಟಿನ ಸುಳಿ ಏಳುತ್ತೆ, ಆ ಸುಳಿಯ ಪ್ರತಿಧ್ವನಿಯನ್ನು ಮಷೀನು ಹಿಡಿದು ಕುಂಯ್ ಅನ್ನುತ್ತೆ. ಸಾಮಾನ್ಯ ಮಷೀನಿಗೆ ನಾಣ್ಯದಷ್ಟು ಸಣ್ಣ ವಸ್ತು ಒಂದು ಗೇಣಿನಿಂದ ಒಂದು ಅಡಿ ಆಳದವರೆಗೆ ಕೇಳಿಸಿದರೆ ದೊಡ್ಡದು. ದೊಡ್ಡ ಪಾತ್ರೆ ಇದ್ದರೆ ಇನ್ನೂ ಸ್ವಲ್ಪ ಕೆಳಗೆ. 'ಇಪ್ಪತ್ತು ಅಡಿ ಆಳ, ಅರ್ಧ ಕಿಲೋಮೀಟರ್ ದೂರದಿಂದ ಚಿನ್ನ ಮಾತ್ರ ತೋರಿಸುತ್ತೆ' ಅಂತ ಲಕ್ಷಗಟ್ಟಲೆಗೆ ಮಾರುವ ಆಂಟೆನಾ ಮಷೀನುಗಳು ಅಕ್ಕಿ ಎಳೆಯುವ ಪಾತ್ರೆಯ ದಂಧೆಯ ತಮ್ಮಂದಿರು. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ಪಾತ್ರೆ ಅಂತ ನಂಬಿಸಿ ಮಾಡುವ ಈ ಮೋಸಕ್ಕೆ, ಅಂದರೆ ರೈಸ್ ಪುಲ್ಲಿಂಗಿಗೆ, ದುಡ್ಡು ಸುರಿದವರ ಕಥೆ ನಿಮ್ಮ ಕಡೆಯೂ ಒಂದಾದರೂ ಇದ್ದೇ ಇರುತ್ತೆ.

ಚಿನ್ನದ ಉಂಗುರ ಮತ್ತು ಗುಟ್ಕಾ ಚೀಟಿಯ ಒಳಗಿನ ತೆಳು ಅಲ್ಯುಮಿನಿಯಂ, ಎರಡರ ಸದ್ದೂ ಮಷೀನಿಗೆ ಹೆಚ್ಚುಕಡಿಮೆ ಒಂದೇ. ಕಸ ಬೇಡ ಅಂತ ಫಿಲ್ಟರ್ ಹಾಕಿದರೆ ಉಂಗುರವೂ ತಪ್ಪಿಹೋಗುತ್ತೆ. ನಮ್ಮ ಹುಡುಗ ಮೊದಲ ಒಂದು ಗಂಟೆ ಫಿಲ್ಟರ್ ಹಾಕಿಕೊಂಡೇ ಓಡಾಡಿದ್ದ ಅಂತ ಆಮೇಲೆ ಗೊತ್ತಾಯಿತು, ಆ ಸಾಲುಗಳನ್ನು ಮತ್ತೆ ನೋಡಲೂ ಇಲ್ಲ. ಅವನನ್ನು ಬೈದು ಪ್ರಯೋಜನ ಇಲ್ಲ. ಟೆಲಿಫೋನ್ ಕಂಡುಹಿಡಿದ ಬೆಲ್ ಅಂಥವನೇ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯೊಳಗಿನ ಗುಂಡು ಹುಡುಕಲು ಇಂಥದ್ದೇ ಮಷೀನು ಹಿಡಿದು ಹೋಗಿ ಸೋತು ಬಂದ, ಹಾಸಿಗೆಯ ಸ್ಪ್ರಿಂಗೇ ದಾರಿ ತಪ್ಪಿಸಿತ್ತಂತೆ.

ನಮ್ಮ ಕಡೆ ಇನ್ನೊಂದು ತೊಡಕಿದೆ, ಮಣ್ಣೇ ಕಬ್ಬಿಣ. ಬಾಬಾಬುಡನ್ ಗಿರಿಯ ಸಾಲೆಲ್ಲ ಕಬ್ಬಿಣದ ಅದಿರು. ಕೆಮ್ಮಣ್ಣುಗುಂಡಿಯ ಹೆಸರೇ ಹೇಳುತ್ತೆ, ಅಲ್ಲಿನ ಅದಿರೇ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಗಣಿಗಾರಿಕೆ ನಡೆಯಿತು. ಇಂಥ ಕೆಂಪು ಮಣ್ಣಿನ ಮೇಲೆ ಸಾಧಾರಣ ಮಷೀನು ಹಿಡಿದರೆ ಲೋಹ ಇಲ್ಲದ ಕಡೆಯೂ ಕೂಗುತ್ತೆ, ಇರುವ ಕಡೆ ಸುಮ್ಮನಿರುತ್ತೆ. ಮಣ್ಣಿಗೆ ತಕ್ಕ ಹಾಗೆ ಅದನ್ನು ಹೊಂದಿಸಿಕೊಳ್ಳಬೇಕು, ತಾಳ್ಮೆ ಬೇಕು. ತಾಳ್ಮೆ ಇಲ್ಲದವನು ಕೂಗಿದ ಕಡೆಯೆಲ್ಲ ಗುಂಡಿ ತೋಡುತ್ತಾನೆ, ಬೇರು ಕಡಿದ ಗಿಡ ಒಣಗಿದ ಮೇಲೆ ತೋಟದವನು ತಲೆ ಚಚ್ಚಿಕೊಳ್ಳಬೇಕು.

ಇಷ್ಟೆಲ್ಲ ಮಾಡಿ ನಿಜವಾಗಿಯೂ ಏನೋ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ವಿಷ್ಣುವರ್ಧನನ ಚಿನ್ನದ ನಾಣ್ಯ ಒಂದು. ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣದು, ಸುಮಾರು ನಾಲ್ಕು ಗ್ರಾಂ. ಹಿಂಬದಿಯಲ್ಲಿ ಕನ್ನಡ ಅಕ್ಷರ: ಶ್ರೀ ತಳಕಾಡುಗೊಂಡ. ಚೋಳರಿಂದ ತಲಕಾಡು ಗೆದ್ದದ್ದನ್ನು ರಾಜ ಊರೂರಿಗೆ ಕೈಯಿಂದ ಕೈಗೆ ಸಾರಿದ್ದು ಹೀಗೆ. ಕರಗಿಸಿದರೆ ಅದು ನಾಲ್ಕು ಗ್ರಾಂ ಚಿನ್ನ, ಅಷ್ಟೇ. ಸಿಕ್ಕ ಜಾಗದಲ್ಲೇ ಇದ್ದರೆ ಅದರ ಪಕ್ಕ ಯಾವ ಮಡಕೆ ಚೂರಿತ್ತು, ಯಾವ ಪದರದ ಮಣ್ಣಿತ್ತು, ಅಲ್ಲೊಂದು ಸಂತೆ ಇತ್ತೋ, ಮನೆ ಸುಟ್ಟಿತ್ತೋ, ಯಾರೋ ಓಡಿಹೋಗುವಾಗ ಬೀಳಿಸಿಕೊಂಡರೋ, ಅದನ್ನೆಲ್ಲ ಬಲ್ಲವರು ಓದಬಹುದಿತ್ತು. ಹಾರೆಯ ಒಂದು ಏಟಿಗೆ ಅದೆಲ್ಲ ಕಲಸಿಹೋಗುತ್ತೆ. ಹಲ್ಮಿಡಿ ಕಲ್ಲು ನೆನಪಿದೆಯಲ್ಲ? ಬೇಲೂರು ತಾಲ್ಲೂಕಿನ ಸಣ್ಣ ಊರಿನಲ್ಲಿ ನಿಂತಿದ್ದ ಅದನ್ನು 1936ರಲ್ಲಿ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಗುರುತಿಸಿದರು. ಅದಕ್ಕೂ ಮೊದಲು ಯಾರಾದರೂ ನಿಧಿ ಅಂತ ಅದನ್ನು ಒಡೆದಿದ್ದರೆ ಕನ್ನಡದ ವಯಸ್ಸಿನ ಲೆಕ್ಕವೇ ಬೇರೆಯಾಗುತ್ತಿತ್ತು.

ಇಷ್ಟು ಹೇಳಿದರೂ ನನ್ನ ದೂರು ಪೂರ್ತಿ ಜನರ ಮೇಲೆ ಅಲ್ಲ, ಅರ್ಧ ವ್ಯವಸ್ಥೆಯ ಮೇಲೂ ಇದೆ. ನೇಗಿಲಿಗೋ ಜೆಸಿಬಿಗೋ ಏನಾದರೂ ತಗುಲಿದಾಗ ರೈತನ ಮೊದಲ ಯೋಚನೆ 'ಹೇಳಿದ್ರೆ ಜಮೀನೇ ಹೋಗುತ್ತೆ'. ಎರಡನೇದು 'ನನ್ನನ್ನೇ ಕಳ್ಳ ಅಂತಾರೆ'. ಮೊದಲನೇದು ನಿಜ ಅಲ್ಲ. ಒಂದು ಜಾಗವನ್ನು ಸಂರಕ್ಷಿತ ಅಂತ ಘೋಷಿಸಬೇಕಾದರೆ ಕೇಂದ್ರ ಮೊದಲು ಪ್ರಕಟಣೆ ಹೊರಡಿಸಿ ಆಕ್ಷೇಪಣೆಗೆ ಎರಡು ತಿಂಗಳು ಕೊಡಬೇಕು, ನಾಲ್ಕು ನಾಣ್ಯ ಸಿಕ್ಕಿದ ಮಾತ್ರಕ್ಕೆ ರಾತ್ರೋರಾತ್ರಿ ಬೇಲಿ ಬೀಳುವುದಿಲ್ಲ. ಎರಡನೇದನ್ನು ಮಾತ್ರ ನಾನು ಅಷ್ಟು ಧೈರ್ಯವಾಗಿ ತಳ್ಳಿಹಾಕಲಾರೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಸುವ ಕಡೆ, ತಿಳಿಸಿದವನನ್ನೇ ನಾಲ್ಕು ಸಲ ಕೂರಿಸಿ ಕೇಳುವ ಕಡೆ, ಜನ ಅಕ್ಕಸಾಲಿಗನ ಹತ್ತಿರ ಹೋಗುತ್ತಾರೆ. ಅವನು ಏನೂ ಕೇಳದೆ ತೂಕ ಹಾಕುತ್ತಾನೆ.

ಇಂಗ್ಲೆಂಡಿನಲ್ಲಿ ಈ ಗಂಟನ್ನು ಬೇರೆ ಥರ ಬಿಚ್ಚಿದರು. ಅಲ್ಲಿ 1996ರ ಕಾಯ್ದೆ ಇದೆ, ಜಮೀನಿನವನ ಅನುಮತಿ ಬೇಕು, ನಿಧಿ ಸಿಕ್ಕರೆ ತಿಳಿಸಲೇಬೇಕು. ಜೊತೆಗೆ 1997ರಿಂದ ಸಣ್ಣಪುಟ್ಟ ವಸ್ತುಗಳನ್ನೂ ಜನ ತಾವಾಗಿ ತಂದು ದಾಖಲು ಮಾಡಿಸುವ ಒಂದು ಯೋಜನೆ ಇದೆ, ಹತ್ತು ಲಕ್ಷಕ್ಕೂ ಮೀರಿದ ವಸ್ತುಗಳು ಹಾಗೆ ದಾಖಲಾಗಿವೆ. 2009ರಲ್ಲಿ ಸ್ಟಾಫರ್ಡ್‌ಶೈರಿನ ಒಂದು ಹೊಲದಲ್ಲಿ ಡಿಟೆಕ್ಟರ್ ಹಿಡಿದವನೊಬ್ಬನಿಗೆ ಚಿನ್ನದ ದೊಡ್ಡ ರಾಶಿ ಸಿಕ್ಕಿತು. ಅದಕ್ಕೆ ಕಟ್ಟಿದ ಬೆಲೆ 32.85 ಲಕ್ಷ ಪೌಂಡ್, ಅದು ಹುಡುಕಿದವನಿಗೂ ರೈತನಿಗೂ ಹಂಚಿಕೆಯಾಯಿತು, ರಾಶಿ ಮ್ಯೂಸಿಯಂ ಸೇರಿತು. ಅಲ್ಲೂ ರಾತ್ರಿ ಕಳ್ಳರಿದ್ದಾರೆ, ಪುರಾತತ್ವದವರ ಗೊಣಗಾಟವೂ ಇದೆ. ಅದನ್ನು ಹಾಗೇ ಎತ್ತಿ ತಂದು ಇಲ್ಲಿ ನೆಡಿ ಅಂತ ನಾನು ಹೇಳುವುದಿಲ್ಲ. ಹೆಜ್ಜೆಗೊಂದು ಪೂಜೆ ನಡೆಯುವ ದೇವಸ್ಥಾನ, ಬಸದಿ, ಬನ ಇರುವ ನೆಲ ನಮ್ಮದು, ಮಷೀನು ಹಿಡಿದವರನ್ನು ಬೀದಿಗೆ ಬಿಟ್ಟರೆ ಮೊದಲು ಹೋಗುವುದು ವಿಗ್ರಹಗಳು. ಆದರೆ ತಂದು ತೋರಿಸಿದವನಿಗೆ ಒಂದು ರಸೀದಿ, ಒಂದು ಮರ್ಯಾದೆ, ಹೇಳಿದ ದಿನಕ್ಕೆ ಅವನ ಪಾಲು, ಇಷ್ಟನ್ನಾದರೂ ತಾಲ್ಲೂಕು ಮಟ್ಟದಲ್ಲಿ ಮಾಡಬಹುದು ಅಲ್ವಾ?

ಅಲ್ಲಿಯವರೆಗೆ ಏನಾದರೂ ಸಿಕ್ಕರೆ ಅಗೆಯುವುದನ್ನು ನಿಲ್ಲಿಸಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತೆ (ದೊಡ್ಡಮ್ಮ ನಮ್ಮ ಕಾಲಾಣೆಗೆ ಹುಣಸೆಹಣ್ಣು ನೆನೆಹಾಕಿ ಆಗಿತ್ತು, ಸದ್ಯ ನಾನು ಹೋಗಿ ತಪ್ಪಿಸಿದೆ). ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲೋ ಬೆಂಕಿಪೆಟ್ಟಿಗೆಯೋ ಇಡಿ, ಸರ್ವೆ ನಂಬರು, ಆಳ, ದಿನ ಬರೆದಿಡಿ. ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು, ಜೆರಾಕ್ಸ್ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡೇ ಬನ್ನಿ. ನಾಳೆ ಯಾರಾದರೂ ಮುಚ್ಚಿಟ್ಟ ಅಂದರೆ ಉತ್ತರ ಕೊಡುವುದು ಆ ಸೀಲು.

ಅವತ್ತು ಸಂಜೆ ಹುಡುಗ ಹೊರಡುವ ಮೊದಲು ತೋಟದ ಮೇಲಿನ ಚೌಡಿ ಬನದ ಹತ್ತಿರ ಮಷೀನು ಜೋರಾಗಿ ಕೂಗಿತ್ತು. ಅವನ ಕಣ್ಣು ಅರಳಿತು, ಪಿಕಾಸಿ ಕೇಳಿದ. ಅಷ್ಟು ಹೊತ್ತು ಸುಮ್ಮನಿದ್ದ, ತೋಟದ ಲೆಕ್ಕ ಬರೆಯುವ ರೈಟ್ರು ಮುಂದೆ ಬಂದು ಅಡ್ಡ ನಿಂತರು. 'ಸಾವ್ಕಾರ್ರೆ, ಬೇಡ. ಅದು ನಮ್ಮ ತಾತನ ಕಾಲದಿಂದ ಹರಕೆಗೆ ಕೊಟ್ಟ ತ್ರಿಶೂಲಗಳು. ಹಳೇವು ಮಣ್ಣಲ್ಲಿ ಮುಳುಗಿವೆ, ನಾನೇ ನೋಡಿದೀನಿ.' ದೊಡ್ಡಪ್ಪ ಚಪ್ಪಲಿ ಬಿಟ್ಟು ನಿಂತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಆ ಹುಡುಗ ಈಗಲೂ ತಿಂಗಳಿಗೊಮ್ಮೆ ಅಣ್ಣನಿಗೆ ಫೋನ್ ಮಾಡುತ್ತಾನೆ, ಆ ಬನದ ಹತ್ತಿರ ಒಂದೇ ಒಂದು ಸಲ ನೋಡೋಣ ಅಂತ. ಅತ್ತಿಗೆಯ ಉಂಗುರದ ಬಗ್ಗೆ ಅವನು ಒಮ್ಮೆಯೂ ಕೇಳಿಲ್ಲ.